ಒಂದೇ ಒಲೆಯ ಲೆಕ್ಕ

ಕುಂಟನೊಬ್ಬ ಕುರುಡನ ಹೆಗಲೇರಿ ಕಾಡು ದಾಟಿದ ಕಥೆ ಎಲ್ಲರಿಗೂ ಗೊತ್ತು. ಪ್ರಕೃತಿ ಪುರುಷರ ಕೂಟವನ್ನು ವಿವರಿಸಲು ಈಶ್ವರಕೃಷ್ಣ ಸಾಂಖ್ಯಕಾರಿಕೆಯಲ್ಲಿ ಇದನ್ನೇ ಉಪಮೆ ಮಾಡಿಕೊಂಡ. ನಮ್ಮೂರ ಶಾಲೆಯ ಮಾಸ್ತರರು ಸಹಕಾರ ತತ್ವ ಬೋಧಿಸಲು ಬಳಸಿಕೊಂಡರು. ಅವರು ಆ ಕಥೆ ಶುರುಮಾಡಿದರೆ ಸಾಕು, ಇಡೀ ಕ್ಲಾಸು ನನ್ನ ಕಡೆ ತಿರುಗುತ್ತಿತ್ತು. ಕುರುಡನ ಪಾತ್ರಕ್ಕೆ ಮಾತ್ರ ಆ ಶಾಲೆಯಲ್ಲಿ ಯಾರೂ ಇರಲಿಲ್ಲ. ಅವನು ನನಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿನಲ್ಲಿ. ಸಿಕ್ಕ ಮೇಲೆ ಗೊತ್ತಾಯಿತು, ಆ ಕಥೆ ಕಟ್ಟಿದವನು ಕುಂಟನೂ ಅಲ್ಲ, ಕುರುಡನೂ ಅಲ್ಲ. ತೊಡೆಯಿಂದ ಪಾದದವರೆಗೆ ಕಬ್ಬಿಣದ ಸರಳು, ಚರ್ಮದ ಪಟ್ಟಿ, ಬೂಟು ಎಲ್ಲ ಸೇರಿದ ಕ್ಯಾಲಿಪರ್ ಹಾಕಿದವನನ್ನು ಹೆಗಲಿಗೇರಿಸಿಕೊಂಡರೆ ಕೆಳಗಿನವನ ಎದೆಗೆ ಆ ಸರಳು ಬಡಿಯುತ್ತದೆ. ನಿಜವಾಗಿ ನಡೆಯುವುದೇ ಬೇರೆ. ಕಣ್ಣು ಕಾಣದವನು ಜೊತೆಗಾರನ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾನೆ. ಮೊಣಕೈ ಏರಿದರೆ ಮೆಟ್ಟಿಲು ಹತ್ತಬೇಕು, ಇಳಿದರೆ ಇಳಿಯಬೇಕು. ನನ್ನ ಮೊಣಕೈ ಹೆಜ್ಜೆಗೊಮ್ಮೆ ಏರಿ ಇಳಿಯುವಂಥದ್ದು. "ನಿನ್ನ ಜೋಡಿ ಅಡ್ಡಾಡಿದ್ರ ಬೆಂಗಳೂರಾಗ ಬರೇ ಮೆಟ್ಟಲಾನ ಅದಾವು ಅನಸ್ತದ" ಎಂದು ಗವಾಯಿ ಬೈಯುತ್ತಿದ್ದ.

ಕಾಡು ದಾಟಿದ ಮೇಲೆ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು ಎನ್ನುತ್ತಾರೆ ಭಾಷ್ಯಕಾರರು. ನಾವು ಮನೆ ಹಿಡಿದೆವು. ಮುಸುರೆ ತಿಕ್ಕುವವರು ಯಾರು ಎಂಬ ಪ್ರಶ್ನೆಗೆ ಸಾಂಖ್ಯದಲ್ಲಿ ಉತ್ತರವಿಲ್ಲ.

ನಾನು ಕೊಪ್ಪಳದ ಕಡೆಯವನು. ಆಗ ಕೊಪ್ಪಳ ಜಿಲ್ಲೆಯಾಗಿರಲಿಲ್ಲ, ರಾಯಚೂರಿಗೆ ಸೇರಿತ್ತು. ಎರಡು ವರ್ಷದವನಿದ್ದಾಗ ಜ್ವರ ಬಂತು, ಊರ ಡಾಕ್ಟರು ತೊಡೆಗೆ ಸೂಜಿ ಚುಚ್ಚಿದರು, ಎಡಗಾಲು ಸೋತಿತು. ನಮ್ಮವ್ವ ಸಾಯುವ ತನಕ ಆ ಸೂಜಿಗೇ ಶಾಪ ಹಾಕಿದಳು. ಅವಳ ಮಾತು ತೀರಾ ಸುಳ್ಳೂ ಅಲ್ಲ. ಪೋಲಿಯೊ ವೈರಸ್ಸು ಮೈಯೊಳಗಿರುವಾಗ ಸ್ನಾಯುವಿಗೆ ಇಂಜೆಕ್ಷನ್ ಬಿದ್ದರೆ ಆ ಅಂಗಕ್ಕೇ ಲಕ್ವ ಹೊಡೆಯುವ ಸಂಭವ ಹೆಚ್ಚು ಎಂದು ವೈದ್ಯರೇ ಬರೆದಿದ್ದಾರೆ. ಮನೆಯಲ್ಲಿ ನನ್ನನ್ನು ಚೆನ್ನಾಗಿ ನೋಡಿಕೊಂಡರು. ತೊಂದರೆ ಇದ್ದದ್ದು ಅಲ್ಲೇ. ಅಣ್ಣ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೈಸ್ಕೂಲಿಗೆ ಬಿಡುತ್ತಿದ್ದ, ಅತ್ತಿಗೆ ನೀರು ಕಾಯಿಸಿ ಬಚ್ಚಲಿಗೆ ಇಡುತ್ತಿದ್ದಳು. ಒಬ್ಬರೂ ಒಂದು ಬಿರುಸು ಮಾತಾಡಿದವರಲ್ಲ. ಆದರೆ ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವ ಹಕ್ಕು ನನಗಿದೆ ಎಂದು ಯಾವತ್ತೂ ಅನ್ನಿಸಲಿಲ್ಲ. ಉಪಕಾರದ ಊಟದಲ್ಲಿ ಉಪ್ಪು ಯಾವಾಗಲೂ ಸರಿಯಾಗಿಯೇ ಇರುತ್ತದೆ.

ಲಿಂಗರಾಜಪುರದ ಎಪಿಡಿಗೆ ತರಬೇತಿಗೆಂದು ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಎನ್.ಎಸ್. ಹೇಮಾ ಅವರು 1959ರಲ್ಲಿ ಶುರುಮಾಡಿದ ಸಂಸ್ಥೆ ಅದು. ನನ್ನಂಥವರನ್ನು ಅಷ್ಟು ಜನರನ್ನು ಒಂದೇ ಕಡೆ ನಾನು ಕಂಡದ್ದು ಅಲ್ಲೇ ಮೊದಲು. ವೈರಿಂಗು, ಬೆಸುಗೆ, ಮೋಟಾರು ಸುತ್ತುವುದು ಕಲಿತೆ. ಆಮೇಲೆ ಕೈಹಿಡಿದದ್ದು ಮಾತ್ರ ಎಸ್‌ಟಿಡಿ ಬೂತು. ಅಂಗವಿಕಲರಿಗೆ ಬೂತು ಹಂಚುವಾಗ ಆದ್ಯತೆ ಇತ್ತು. ರಾತ್ರಿ ಹನ್ನೊಂದರ ಮೇಲೆ ಕಾಲು ದರ. ಹೀಗಾಗಿ ಬೆಂಗಳೂರಿನ ಪರದೇಶಿಗಳೆಲ್ಲ ತಮ್ಮ ಸುಖದುಃಖ ಹೇಳಿಕೊಳ್ಳುವ ಹೊತ್ತಿಗೆ ನಾನು ಮೀಟರಿನ ಮುಂದೆ ಕೂತಿರುತ್ತಿದ್ದೆ. ಗವಾಯಿ ಅಲ್ಲಿಗೇ ಬಂದ. ಹಗಲೆಲ್ಲ ಬ್ಯಾಂಕೊಂದರ ಟೆಲಿಫೋನ್ ಬೋರ್ಡಿನಲ್ಲಿ ಬೇರೆಯವರ ಕರೆ ಜೋಡಿಸಿ, ರಾತ್ರಿ ತನ್ನ ಕರೆ ಮಾಡಲು ನನ್ನ ಬೂತಿಗೆ ಬರುತ್ತಿದ್ದ. ರೋಣದ ಕಡೆಯವನು. ಚಿಕ್ಕಂದಿನಲ್ಲಿ ಸಿಡುಬಿನಿಂದ ಕಣ್ಣು ಹೋಗಿತ್ತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಹಾರ್ಮೋನಿಯಂ ಕಲಿತು, ಆಶ್ರಮದ ನಾಟಕ ಕಂಪನಿಯ ಜೊತೆ ಊರೂರು ತಿರುಗಿದವನು. ನನ್ನ ಮಾತಿನ ಜಾಡು ಹಿಡಿದು ಮೊದಲ ದಿನವೇ ಕೇಳಿದ: "ಕುಷ್ಟಗಿ ಕಡೀನೋ, ಯಲಬುರ್ಗಿ ಕಡೀನೋ?"

ಮೂರನೆಯವನು ಮಂಡ್ಯದವನು, ಹುಟ್ಟು ಕಿವುಡ. ಶಿವಾಜಿನಗರದ ಹತ್ತಿರ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ. ಪ್ರೆಸ್ಸುಗಳಲ್ಲಿ ಆಗ ಕಿವುಡರು ಬಹಳ ಮಂದಿ ಇದ್ದರು. ಯಂತ್ರದ ಸದ್ದು ಅವರನ್ನು ಬಾಧಿಸುವುದಿಲ್ಲ, ಅವರು ಹರಟುವುದಿಲ್ಲ ಎಂಬುದು ಮಾಲೀಕರ ಲೆಕ್ಕ. ಹರಟುವುದಿಲ್ಲ ಎಂಬುದು ಶುದ್ಧ ಸುಳ್ಳು, ಕೈಯಲ್ಲಿ ಮೊಳೆ ಇಲ್ಲದ ಹೊತ್ತೆಲ್ಲ ಅವರದು ಹರಟೆಯೇ. ಅವನು ಓದಿದ ಶಾಲೆಯಲ್ಲಿ ಕೈಸನ್ನೆ ಮಾಡಿದರೆ ಬೆರಳ ಗಿಣ್ಣಿಗೆ ರೂಲು ದೊಣ್ಣೆಯ ಏಟು. ತುಟಿ ನೋಡಿ ಮಾತು ತಿಳಿಯಬೇಕು, ಗಂಟಲಿನಿಂದ ದನಿ ಹೊರಡಿಸಬೇಕು. ಅವನು ಸನ್ನೆ ಕಲಿತದ್ದು ಹಾಸ್ಟೆಲ್ಲಿನಲ್ಲಿ, ದೀಪ ಆರಿಸುವ ಮುಂಚೆ, ದೊಡ್ಡ ಹುಡುಗರಿಂದ. ನಮ್ಮ ಜೊತೆ ಸೇರಿದ ವಾರದೊಳಗೆ ನನ್ನ ಮೀಸೆ ತೆಗೆಸಿದ. ತುಟಿ ಕಾಣದಿದ್ದರೆ ನಾನು ಅವನಿಗೆ ಮೂಕ. ಹೆಸರನ್ನೂ ಕೊಟ್ಟ: ತೊಡೆಗೊಂದು ಏಟು ಹಾಕಿ ಬೀಗ ಹಾಕಿದಂತೆ ಬೆರಳು ತಿರುಗಿಸಿದರೆ ನಾನು, ಏಕೆಂದರೆ ಎದ್ದು ನಿಂತಾಗ ಕ್ಯಾಲಿಪರಿನ ಮಂಡಿ ಬೀಗ ಹಾಕಿಕೊಳ್ಳುತ್ತೇನೆ. ಗಾಳಿಯಲ್ಲಿ ತಿದಿ ಒತ್ತಿದರೆ ಗವಾಯಿ. ಎರಡು ಬೆರಳಲ್ಲಿ ಮೊಳೆ ಎತ್ತಿದರೆ ಸ್ವತಃ ಅವನು.

ಮನೆ ಹುಡುಕಿದ ಕಥೆಯನ್ನು ಬೇಗ ಮುಗಿಸುತ್ತೇನೆ, ಬೆಂಗಳೂರಲ್ಲಿ ಬಾಡಿಗೆಗೆ ಅಲೆದವರಿಗೆ ಅದು ಹೊಸದಲ್ಲ. ಮಾಲೀಕರು ನೆಲಮಹಡಿಯಲ್ಲಿ ತಾವಿದ್ದು ಮೇಲಿನದನ್ನು ಬಾಡಿಗೆಗೆ ಕೊಡುತ್ತಾರೆ, ನನಗೆ ಮೆಟ್ಟಿಲು ಆಗದು. "ಗ್ಯಾಸ್ ಹಚ್ಚುವವರು ಯಾರು?" ಎಂದರು ಒಬ್ಬರು. "ಬೆಳಿಗ್ಗೆ ಎದ್ದು ನಿಮ್ಮ ಮುಖ ನೋಡಬೇಕಲ್ಲ" ಎಂದು ಇನ್ನೊಬ್ಬರು ನೇರವಾಗಿಯೇ ಅಂದರು. ಆಕೆಯ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ನಮ್ಮ ಸಮಯವನ್ನಾದರೂ ಉಳಿಸಿದರು. ಕೊನೆಗೆ ಹೆಣ್ಣೂರು ರಸ್ತೆಯ ಒಳಗೆ, ರಾಜಕಾಲುವೆಯ ಪಕ್ಕ, ಹಿಂದೆ ಶಾಮಿಯಾನ ಸಾಮಾನು ತುಂಬಿಡುತ್ತಿದ್ದ ಒಂದು ನೆಲಮಟ್ಟದ ಮನೆ ಸಿಕ್ಕಿತು. ವಾಸನೆಯ ಕಾರಣಕ್ಕೆ ಬೇರೆ ಯಾರೂ ಬರುತ್ತಿರಲಿಲ್ಲ. 1993ರ ಯುಗಾದಿ ಕಳೆದ ಮೇಲೆ ಹಾಲು ಉಕ್ಕಿಸಿದೆವು.

ಹಾಲು ಉಕ್ಕಿಸಿದ್ದು ಅದೊಂದೇ ಸಲ. ಆಮೇಲೆ ಪಾತ್ರೆಯ ತಳದಲ್ಲಿ ಸ್ಟೀಲಿನ ಬಿಲ್ಲೆ ಹಾಕುತ್ತಿದ್ದೆವು. ಹಾಲು ಕುದಿಗೆ ಬಂದಾಗ ಅದು ಕಟಕಟ ಎನ್ನುತ್ತದೆ. ಗವಾಯಿ ಕೇಳಿ ಒಲೆ ಆರಿಸುತ್ತಿದ್ದ. ಕಾಲಿಂಗ್ ಬೆಲ್ಲಿನ ಜೊತೆಗೆ ನಾನೊಂದು ಬಲ್ಬು ಜೋಡಿಸಿದೆ, ಬಾಗಿಲಲ್ಲಿ ಯಾರೇ ಒತ್ತಿದರೂ ನಡುಮನೆಯಲ್ಲಿ ದೀಪ ಮಿಣುಕುತ್ತಿತ್ತು. ಬಾಗಿಲು ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ತೆರೆದ ಬಾಗಿಲಿನ ಅಂಚು ಗವಾಯಿಯ ಹಣೆ ಒಡೆದದ್ದುಂಟು. ಚೊಂಬು, ಬೆಂಕಿಪೊಟ್ಟಣ, ನನ್ನ ಕ್ಯಾಲಿಪರು, ಪ್ರತಿಯೊಂದಕ್ಕೂ ಒಂದು ಗೊತ್ತಾದ ಜಾಗ. ಮಂಡ್ಯದವನನ್ನು ಕರೆಯಬೇಕಾದರೆ ಕೂಗಿ ಫಲವಿಲ್ಲ, ಸಿಮೆಂಟಿನ ನೆಲವಾದ್ದರಿಂದ ಕಾಲು ಅಪ್ಪಳಿಸಿದರೂ ಅವನಿಗೆ ಅದುರು ತಿಳಿಯದು. ಅದಕ್ಕೆಂದೇ ಮುದ್ದೆ ಮಾಡಿದ ಹಳೆ ಪ್ರೂಫ್ ಕಾಗದಗಳ ಬುಟ್ಟಿ ಇತ್ತು, ಒಂದು ಎಸೆದರೆ ತಿರುಗುತ್ತಿದ್ದ. ಬೆಳಗಿನ ಐದಕ್ಕೆ ಗವಾಯಿ ಹಾರ್ಮೋನಿಯಂ ತೆಗೆದಾಗ ಇಡೀ ಓಣಿಯಲ್ಲಿ ನಿದ್ದೆ ಕೆಡದಿದ್ದವನು ಅವನೊಬ್ಬನೇ.

ಆದರೆ ಒಂದು ತೊಡಕು ಬಹಳ ದಿನ ಬಗೆಹರಿಯಲಿಲ್ಲ. ಗವಾಯಿಗೆ ಸನ್ನೆ ಕಾಣದು, ಮಂಡ್ಯದವನಿಗೆ ಮಾತು ಕೇಳದು. ಅವರಿಬ್ಬರ ನಡುವೆ ನಾನೇ ದುಭಾಷಿ. ಅವರ ಜಗಳಗಳನ್ನೂ ನಾನೇ ಎರಡೂ ಕಡೆ ಆಡಬೇಕಿತ್ತು, ಬೈಗುಳ ಸಮೇತ. ನಾನು ಊರಿಗೆ ಹೋದರೆ ಮನೆಯಲ್ಲಿ ಮಾತೇ ಇಲ್ಲ. ಅಂಗೈಯ ಮೇಲೆ ಅಕ್ಷರ ಬರೆದು ತಿಳಿಸೋಣವೆಂದರೆ ಗವಾಯಿಗೆ ಕಣ್ಣಿನ ಕನ್ನಡ ಅಕ್ಷರಗಳೇ ಗೊತ್ತಿಲ್ಲ, ಅವನು ಕಲಿತದ್ದು ಬ್ರೈಲ್. ಒಂದು ಸಲ ನಾನು ಊರಿಂದ ಹಿಂದಿರುಗಿದಾಗ ಮಂಡ್ಯದವನು ಗವಾಯಿಯ ಬ್ರೈಲ್ ಸ್ಲೇಟು ಹಿಡಿದು ಕೂತಿದ್ದ. ಸ್ಲೇಟಿನಲ್ಲಿ ದಬ್ಬಣದಿಂದ ಕಾಗದದ ಹಿಂಬದಿಗೆ ಚುಚ್ಚಬೇಕು. ಹಾಗಾಗಿ ಬಲದಿಂದ ಎಡಕ್ಕೆ, ಪ್ರತಿ ಅಕ್ಷರವನ್ನೂ ತಿರುವಿ ಬರೆಯಬೇಕು. ಕಾಗದ ಮಗುಚಿದಾಗ ಎಡದಿಂದ ಬಲಕ್ಕೆ ಓದಲು ಬರುತ್ತದೆ. ಹೊಸಬರು ತಿಂಗಳುಗಟ್ಟಲೆ ಒದ್ದಾಡುವುದು ಇಲ್ಲೇ. ಇವನಿಗೋ, ದಿನವಿಡೀ ತಿರುವುಮುರುವು ಮೊಳೆ ಜೋಡಿಸುವವನಿಗೆ, ಅದು ನೀರು ಕುಡಿದಷ್ಟು ಸುಲಭವಾಗಿತ್ತು. ಕನ್ನಡ ಬ್ರೈಲಿನಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಗುಡಿಸು ಮೇಲೆ ಏರುವುದಿಲ್ಲ, ವ್ಯಂಜನದ ಪಕ್ಕದಲ್ಲೇ ಸ್ವರ, ಎಲ್ಲ ಒಂದೇ ಸಾಲು. ನೂರಾರು ಖಾನೆಗಳ ಕನ್ನಡ ಮೊಳೆಪೆಟ್ಟಿಗೆಯ ಮುಂದೆ ಬೆನ್ನು ಬಾಗಿಸಿ ನಿಂತವನಿಗೆ ಆರು ಚುಕ್ಕಿಗಳಲ್ಲಿ ಇಡೀ ಭಾಷೆ ಮುಗಿಯುತ್ತದೆಂದು ಗೊತ್ತಾದಾಗ ಆದ ಆಶ್ಚರ್ಯವನ್ನು ನಾನು ಕಂಡಿದ್ದೇನೆ. ಹಣೆ ಚಚ್ಚಿಕೊಂಡು ನಕ್ಕ.

ಸ್ಲೇಟಿನಿಂದ ಬೆರಳಿಗೆ ಬರಲು ಕರೆಂಟು ಕಾರಣ. ಆಗಿನ ಲೋಡ್ ಶೆಡ್ಡಿಂಗಿನಲ್ಲಿ ರಾತ್ರಿ ದೀಪ ಹೋದರೆ ಗವಾಯಿಗೆ ಯಾವ ವ್ಯತ್ಯಾಸವೂ ಇಲ್ಲ, ಮಂಡ್ಯದವನಿಗೆ ಮಾತ್ರ ಲೋಕವೇ ಬಂದ್. ಸನ್ನೆಯೂ ಕಾಣದು, ತುಟಿಯೂ ಕಾಣದು. ಅಂಥ ಒಂದು ರಾತ್ರಿ ಗವಾಯಿ ಅವನ ಎರಡೂ ಕೈಯ ಮೂರು ಮೂರು ಬೆರಳು ಹಿಡಿದು ಚುಕ್ಕಿಗಳನ್ನು ಹಂಚಿದ. ಎಡಗೈಯ ತೋರುಬೆರಳಿಂದ ಒಂದು, ಎರಡು, ಮೂರು. ಬಲಗೈಯಲ್ಲಿ ನಾಲ್ಕು, ಐದು, ಆರು. ಮೊದಲು ಒತ್ತಿ ಹೇಳಿದ ಪದ 'ಹಾಲು'. 1-2-5, 3-4-5, 1-2-3, 1-3-6. ಹಾಲು ತಂದೆಯಾ ಎಂಬ ಪ್ರಶ್ನೆ ಅದು, ತಂದಿರಲಿಲ್ಲ. ಹೀಗೆ ಅವರ ಮೊದಲ ನೇರ ಸಂಭಾಷಣೆ ಜಗಳದಲ್ಲಿಯೇ ಮುಗಿಯಿತು. ಒಂದು ವರ್ಷ ಕಳೆಯುವುದರೊಳಗೆ ಇಬ್ಬರೂ ಎಷ್ಟು ಪಳಗಿದರೆಂದರೆ, ನಾನು ಎದುರಿಗೆ ಕೂತಿದ್ದಾಗಲೇ ಬೆರಳಿಗೆ ಬೆರಳು ತಾಗಿಸಿ ನನ್ನ ಬಗ್ಗೆಯೇ ಮಾತಾಡಿಕೊಂಡು ನಗುತ್ತಿದ್ದರು.

ಅಡುಗೆಮನೆಯ ಜಗಳ ಇನ್ನೂ ಹಳೆಯದು. ಗವಾಯಿ ಲಿಂಗ ಕಟ್ಟಿದವನು, ಮೊಟ್ಟೆ ಒಡೆದರೂ ಬೀದಿಯಿಂದಲೇ ಮೂಗಿಗೆ ಗೊತ್ತಾಗುತ್ತಿತ್ತು. ಮಂಡ್ಯದವನಿಗೆ ಭಾನುವಾರ ಬಾಡು ಇಲ್ಲದಿದ್ದರೆ ಅದು ವಾರವೇ ಅಲ್ಲ. ನಾನು ಎರಡೂ ಕಡೆಯವನು, ಅಂದರೆ ಯಾರ ಕಡೆಯವನೂ ಅಲ್ಲ. ಹಿತ್ತಿಲಲ್ಲಿ ಬೇರೆ ಸ್ಟೌ ಇಟ್ಟು ರಾಜಿಯಾಯಿತು. ಆ ಸ್ಟೌ ಕೊಂಡ 340 ರೂಪಾಯಿ ಎಲ್ಲರ ಖರ್ಚೋ ಒಬ್ಬನ ಖರ್ಚೋ ಎಂಬ ಪ್ರಶ್ನೆ ಎದ್ದಾಗ ಲೆಕ್ಕದ ಪುಸ್ತಕ ಹೊರಬಂತು. ಲೆಕ್ಕ ಎರಡು ಪ್ರತಿಗಳಲ್ಲಿತ್ತು. ನನ್ನದು ಪೆನ್ನಿನಲ್ಲಿ ಬರೆದದ್ದು, ಗವಾಯಿಯದು ಬ್ರೈಲಿನಲ್ಲಿ ಚುಚ್ಚಿದ್ದು. ಕಣ್ಣಿದ್ದವರು ಬರೆದ ಲೆಕ್ಕದ ಮೇಲೆ ಮಾತ್ರ ತಾನು ಸಹಿ ಹಾಕುವುದಿಲ್ಲ ಎಂಬುದು ಅವನ ಹಟ. ನನಗೆ ಅದು ನ್ಯಾಯವೆಂದೇ ತೋರಿತು.

ಈ ಲೆಕ್ಕದ ಸ್ವಭಾವ ಸ್ವಲ್ಪ ಹೇಳಬೇಕು. ಬಾಡಿಗೆ, ಸೀಮೆಎಣ್ಣೆ, ಅಕ್ಕಿ ಇವನ್ನು ಪೈಸೆ ಬಿಡದೆ ಹಂಚುತ್ತಿದ್ದೆವು. ಬ್ಯಾಂಕಿನ ಸುತ್ತೋಲೆ ಓದಿ ಹೇಳುವುದು, ನೀರು ಹೊರುವುದು, ರಾತ್ರಿ ಸದ್ದಾದರೆ ಎಚ್ಚರಿಸುವುದು, ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ಸನ್ನೆಗೆ ತರುವುದು ಇವು ಪುಸ್ತಕಕ್ಕೆ ಬರುತ್ತಿರಲಿಲ್ಲ, ಆದರೆ ಯಾರೂ ಮರೆಯುತ್ತಿರಲಿಲ್ಲ. ಮಂಡ್ಯದವನು ನನಗಾಗಿ ಎರಡು ಕೊಡ ನೀರು ಹೊತ್ತರೆ ಸಂಜೆ ಅವನ ಸಂಬಳದ ತಕರಾರಿನ ಅರ್ಜಿ ನನ್ನ ಮುಂದೆ ಬಂದು ಕೂರುತ್ತಿತ್ತು. ನನ್ನ ಊರಿನ ಮನೆಯಲ್ಲಿ ನಡೆದದ್ದು ಸೇವೆ, ಇಲ್ಲಿ ನಡೆದದ್ದು ವ್ಯವಹಾರ. ಎರಡರಲ್ಲಿ ವ್ಯವಹಾರವೇ ಮೇಲು ಎಂದು ನಾನು ಈಗಲೂ ವಾದಿಸಬಲ್ಲೆ. ಸೇವೆ ಪಡೆದವನಿಗೆ ತಿರುಗಿ ಕೊಡಲು ಏನೂ ಇರುವುದಿಲ್ಲ, ಬರೀ ಕೃತಜ್ಞತೆ ಬಿಟ್ಟರೆ. ಅದನ್ನಾದರೂ ಎಷ್ಟು ವರ್ಷ ಅಂತ ಕೊಡುವುದು? ಈ ಮನೆಯಲ್ಲಿ ನಾನು ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ದೂಡಿದ್ದೇನೆ. ತಟ್ಟೆ ವಾಪಸ್ಸೂ ಬಂದಿದೆ, ಅದೂ ವೇಗವಾಗಿ.

ಬಹಳ ವರ್ಷ ಕಳೆದು ಅಮೆರಿಕದ ಎಡ್ ರಾಬರ್ಟ್ಸ್ ಬಗ್ಗೆ ಓದಿದೆ. ಅವನಿಗೂ ಪೋಲಿಯೊ, ಕುತ್ತಿಗೆಯ ಕೆಳಗೆ ಹೆಚ್ಚೇನೂ ಅಲ್ಲಾಡುತ್ತಿರಲಿಲ್ಲ, ಉಸಿರಾಡಲು ರಾತ್ರಿ ಕಬ್ಬಿಣದ ಪೆಟ್ಟಿಗೆಯೊಳಗೆ ಮಲಗಬೇಕಿತ್ತು. 1962ರಲ್ಲಿ ಬರ್ಕಲಿ ವಿಶ್ವವಿದ್ಯಾಲಯ ಸೇರಿದಾಗ ಅವನನ್ನು ಇರಿಸಿದ್ದು ಕ್ಯಾಂಪಸ್ಸಿನ ಆಸ್ಪತ್ರೆಯ ಕೋಣೆಯಲ್ಲಿ. ಅವನಂಥವರು ಇನ್ನಷ್ಟು ಮಂದಿ ಅಲ್ಲಿ ಸೇರಿ, ಜಗಳ ಕಾದು, 1972ರಲ್ಲಿ ತಮ್ಮದೇ ಕೇಂದ್ರ ಕಟ್ಟಿದರು. ಯಾರು ತಮ್ಮನ್ನು ಎಬ್ಬಿಸಬೇಕು, ಯಾವಾಗ ಎಬ್ಬಿಸಬೇಕು ಎಂದು ತಾವೇ ನಿರ್ಧರಿಸುತ್ತೇವೆ ಎಂಬುದು ಅವರ ಮಾತಿನ ತಿರುಳು. ಅವರಿಗೆ ಸಂಬಳದ ಸಹಾಯಕರು ಬೇಕಿತ್ತು, ಸರ್ಕಾರದಿಂದ ಪಡೆದರು. ನಮಗೆ ಹಾಗೆ ಕೇಳಬಹುದೆಂದೇ ಹೊಳೆದಿರಲಿಲ್ಲ. 1995ರ ಡಿಸೆಂಬರಿನಲ್ಲಿ ಜಾವೇದ್ ಅಬಿದಿ ಮೊದಲಾದವರು ದೆಹಲಿಯ ಬೀದಿಗಿಳಿದ ಮೇಲೆ ಸಂಸತ್ತು ಅಂಗವಿಕಲರ ಕಾಯ್ದೆ ಒಪ್ಪಿದಾಗ ಗವಾಯಿ ರೇಡಿಯೋದಲ್ಲಿ ಕೇಳಿ ಸಿಹಿ ಹಂಚಿದ. ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 3 ಮೀಸಲು, ಏಳು ಬಗೆಯ ವೈಕಲ್ಯಗಳ ಪಟ್ಟಿ. ಬಾಡಿಗೆ ಕೊಡಲೊಲ್ಲದ ಮಾಲೀಕನ ವಿಷಯ ಮಾತ್ರ ಅದರಲ್ಲಿರಲಿಲ್ಲ.

ಆ ಏಳರಲ್ಲಿ ಮೂರು ನಮ್ಮ ಮನೆಯಲ್ಲಿದ್ದವು. ನಾಲ್ಕನೆಯದು ಅಕ್ಕನ ಜೊತೆ ಬಂತು.

ಅಕ್ಕ ತುಮಕೂರು ಕಡೆಯ ಹೆಂಗಸು, ನಮಗಿಂತ ಹತ್ತಾರು ವರ್ಷ ದೊಡ್ಡವಳು. ಭಾನುವಾರ ರಾತ್ರಿ ಬೂತಿಗೆ ಬಂದು ಮಗಳ ಊರಿನ ಅಂಗಡಿಯೊಂದಕ್ಕೆ ಫೋನು ಮಾಡಿ ಮಗಳ ಸುದ್ದಿ ಕೇಳುತ್ತಿದ್ದಳು. ಮಗಳ ಅತ್ತೆಮನೆಯವರಿಗೆ ಇವಳು ಬದುಕಿರುವುದು ಗೊತ್ತಾಗಬಾರದಿತ್ತು. ನಂಬರನ್ನು ನಾನೇ ಒತ್ತಿಕೊಡುತ್ತಿದ್ದೆ, ಅವಳ ಬೆರಳುಗಳು ಮೊಟಕಾಗಿದ್ದವು, ಉಳಿದವು ಮಡಚಿಕೊಂಡಿದ್ದವು. ಕುಷ್ಠ. ಮಾಗಡಿ ರಸ್ತೆಯ ಆಸ್ಪತ್ರೆಯಲ್ಲಿ ವಾಸಿಯಾಗಿತ್ತು. ಆದರೆ ವಾಸಿಯಾದ ಹೊತ್ತಿಗೆ ಗಂಡ ಕೋರ್ಟಿನಿಂದ ವಿಚ್ಛೇದನ ಪಡೆದಿದ್ದ. ಹಿಂದೂ ವಿವಾಹ ಕಾಯ್ದೆಯಲ್ಲಿ ಕುಷ್ಠ ವಿಚ್ಛೇದನಕ್ಕೆ ಕಾರಣವಾಗಿತ್ತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಅಷ್ಟರಲ್ಲಿ ಗಂಡನೂ ಸತ್ತು ಬಹಳ ಕಾಲವಾಗಿತ್ತು. ಅವಳಿದ್ದ ಜೋಪಡಿ ತೆರವಾದಾಗ, ನಮ್ಮಲ್ಲಿ ಅಡುಗೆಗೆ ಬರುತ್ತೇನೆ ಎಂದು ತಾನೇ ಕೇಳಿದಳು.

ಕಣ್ಣಿಲ್ಲದವನನ್ನು, ಕಾಲಿಲ್ಲದವನನ್ನು ಮುಟ್ಟಲು ಜನ ಅಳುಕುವುದಿಲ್ಲ. ನಮ್ಮೊಳಗೂ ಮೇಲುಕೀಳು ಇದೆ, ಅದನ್ನು ನಾವು ಬೇರೆಯವರ ಮುಂದೆ ಒಪ್ಪಿಕೊಳ್ಳುವುದಿಲ್ಲ. ಗವಾಯಿ ಸುಮ್ಮನೆ ಒಪ್ಪಲಿಲ್ಲ. ನನ್ನ ಮೊಣಕೈ ಹಿಡಿದು ಆಸ್ಪತ್ರೆಗೆ ಬಂದು ಡಾಕ್ಟರನ್ನೇ ನೇರ ಕೇಳಿದ: "ಅಂಟ್ತದೋ ಇಲ್ಲೋ ಹೇಳ್ರಿ." 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹು ಔಷಧಿ ಚಿಕಿತ್ಸೆ ಬಂದ ಮೇಲೆ ಔಷಧ ಶುರುವಾದ ಸ್ವಲ್ಪ ದಿನಗಳಲ್ಲೇ ಅಂಟುವುದು ನಿಲ್ಲುತ್ತದೆ, ಸತ್ತ ನರಗಳು ಮಾತ್ರ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. "ಮತ್ತ ಅಷ್ಟಽ ಆದ್ರ ನಡೀಲಿ, ನಂದೂ ಸತ್ತ ನರಾನಽ" ಎಂದು ಗವಾಯಿ ಎದ್ದ.

ಸತ್ತ ನರದ ಅರ್ಥ ಗೊತ್ತಾದದ್ದು ಮನೆಯಲ್ಲಿ. ಅಕ್ಕ ಕುದಿಯುವ ಸಾರಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿಡುತ್ತಿದ್ದಳು. ಕೈ ಸುಡುತ್ತಿದೆ ಎಂದು ಮೊದಲು ತಿಳಿಯುತ್ತಿದ್ದುದು ಗವಾಯಿಯ ಮೂಗಿಗೆ. "ಅಕ್ಕಾ, ಕೈ!" ಎಂದು ನಡುಮನೆಯಿಂದಲೇ ಕೂಗುತ್ತಿದ್ದ. ಎಲ್ಲ ಪಾತ್ರೆಗಳಿಗೂ ನಾನು ಮರದ ಹಿಡಿ ಹಾಕಿದೆ, ಸೌಟಿನ ಹಿಡಿಗಳಿಗೆ ಸೈಕಲ್ ಟ್ಯೂಬು ಸುತ್ತಿ ಅವಳ ಮಡಚಿದ ಬೆರಳಿಗೆ ಒಗ್ಗುವಷ್ಟು ದಪ್ಪ ಮಾಡಿದೆ. ರಾತ್ರಿ ಊಟವಾದ ಮೇಲೆ ಅವಳು ಬಕೆಟ್ಟಿನ ನೀರಲ್ಲಿ ಕಾಲು ನೆನೆಸಿ, ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಬೇಕು, ನರ ಸತ್ತ ಚರ್ಮ ಬೆವರದೆ ಒಣಗಿ ಬಿರಿಯುತ್ತದೆ. ಆಮೇಲೆ ಯಾರಾದರೂ ಅಂಗಾಲು ನೋಡಬೇಕು. ಆ ಕೆಲಸ ಮಂಡ್ಯದವನದು. ಚಿಕ್ಕ ಮೊಳೆಯ ಮೇಲೆ ಚುಕ್ಕೆ ಮುರಿದಿದ್ದರೂ ಗುರುತಿಸುವ ಕಣ್ಣು ಅವನದು. ಟಾರ್ಚು ಹಿಡಿದು, ಬೆರಳ ಸಂದಿಯಿಂದ ಹಿಮ್ಮಡಿಯವರೆಗೆ ಪ್ರೂಫ್ ತಿದ್ದುವಂತೆ ನೋಡುತ್ತಿದ್ದ. ಒಂದು ರಾತ್ರಿ ಹಿಮ್ಮಡಿಯಿಂದ ಉಗುರಿನಷ್ಟು ದೊಡ್ಡ ಗಾಜಿನ ಚೂರು ತೆಗೆದ. ಅವಳು ಇಡೀ ದಿನ ಅದರ ಮೇಲೆಯೇ ನಿಂತು ರೊಟ್ಟಿ ಬಡಿದಿದ್ದಳು. ಚೂರನ್ನು ಅವಳ ಕಣ್ಣ ಮುಂದೆ ಹಿಡಿದು ಅವನು ಗಂಟಲಿನಿಂದ ಹೊರಡಿಸಿದ ದನಿಗೆ ಗವಾಯಿ ಬೆಚ್ಚಿಬಿದ್ದ. ಅವನಿಗೆ ಸಿಟ್ಟು ಬಂದಿತ್ತು. ಆಸ್ಪತ್ರೆಯವರು ಕೊಟ್ಟಿದ್ದ ಮೆತ್ತನೆ ರಬ್ಬರಿನ ಚಪ್ಪಲಿಯನ್ನು ಅಕ್ಕ ಒಲೆಯ ಮುಂದೆ ಹಾಕಬಾರದೆಂದು ಬಾಗಿಲ ಹೊರಗೆ ಬಿಡುತ್ತಿದ್ದಳು. ಮರುದಿನದಿಂದ ಅಡುಗೆಮನೆಯಲ್ಲಿ ಚಪ್ಪಲಿ ಕಡ್ಡಾಯವಾಯಿತು. ಲಿಂಗ ಕಟ್ಟಿದ ಗವಾಯಿಯೇ ಮೊದಲು ಒಪ್ಪಿದವನು.

ಮೂವರು ಗಂಡಸರು, ಒಬ್ಬ ಹೆಂಗಸು, ಯಾರಿಗೂ ಯಾರೂ ಸಂಬಂಧವಿಲ್ಲ. ಓಣಿಯವರು ಆಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ರೇಷನ್ ಕಾರ್ಡು ಕೊನೆಗೂ ಆಗಲಿಲ್ಲ, "ಸಂಬಂಧ" ಎಂಬ ಕಾಲಮ್ಮಿನಲ್ಲಿ ಬರೆಯಲು ನಮ್ಮಲ್ಲಿ ಏನೂ ಇರಲಿಲ್ಲ. ಒಂದು ಪತ್ರಿಕೆಯವರು ಬಂದು ನಮ್ಮನ್ನು ಅಪೂರ್ವ ಕುಟುಂಬ ಎಂದು ಬರೆಯಲು ಹೊರಟರು. ಬಂದ ಹುಡುಗ ಒಳ್ಳೆಯವನೇ. ಫೋಟೋಕ್ಕೆ ನಾನು ಗವಾಯಿಯ ಹೆಗಲೇರಬಹುದೇ ಎಂದು ಕೇಳಿದ. ಗವಾಯಿ ನಗುತ್ತಲೇ ಅವನಿಗೆ ಚಹಾ ಕುಡಿಸಿ ಕಳಿಸಿದ.

ನಮ್ಮನ್ನು ಒಂದು ಮನೆ ಎಂದು ಕಾಗದದ ಮೇಲೆ ಒಪ್ಪಿಕೊಂಡದ್ದು 2001ರ ಜನಗಣತಿ. ಫೆಬ್ರುವರಿಯಲ್ಲಿ ಬಂದವರು ಪ್ರಾಥಮಿಕ ಶಾಲೆಯ ಒಬ್ಬ ಮೇಷ್ಟ್ರು. ನಾಲ್ವರನ್ನು ನೋಡಿ ಇದು ಹಾಸ್ಟೆಲ್ಲೋ ಅನಾಥಾಶ್ರಮವೋ ಎಂದು ತಬ್ಬಿಬ್ಬಾದರು. ಚೀಲದಿಂದ ಸೂಚನೆಗಳ ಪುಸ್ತಕ ತೆಗೆದು ಓದಿದರು. ಜನಗಣತಿಯ ಪ್ರಕಾರ ಕುಟುಂಬವೆಂದರೆ ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು, ಅವರು ಸಂಬಂಧಿಕರಾಗಿರಲಿ, ಬಿಡಲಿ. ರಕ್ತದ ಮಾತೇ ಇಲ್ಲ, ಒಲೆಯ ಮಾತು ಮಾತ್ರ. ಸರ್ಕಾರಿ ಪುಸ್ತಕವೊಂದರಲ್ಲಿ ಇಷ್ಟು ವಿವೇಕದ ವಾಕ್ಯ ನಾನು ಮತ್ತೆ ಕಂಡಿಲ್ಲ. "ಎಲ್ಲರೂ ಒಂದೇ ಅಡುಗೆಮನೆಯಲ್ಲಿ ಊಟ ಮಾಡ್ತೀರಾ?" ಎಂದರು ಮೇಷ್ಟ್ರು.

"ಭಾನುವಾರ ಬಿಟ್ಟು" ಎಂದ ಗವಾಯಿ.

ಯಜಮಾನರು ಯಾರು ಎಂದಾಗ ಅಕ್ಕನ ಹೆಸರು ಬರೆಸಿದೆವು. ಆ ಗಣತಿಯಲ್ಲಿ ಅಂಗವೈಕಲ್ಯದ ಪ್ರಶ್ನೆಯೂ ಇತ್ತು. 1991ರಲ್ಲಿ ಅದನ್ನು ಕೇಳಿಯೇ ಇರಲಿಲ್ಲ. ನೋಟ, ಮಾತು, ಕಿವಿ, ಚಲನೆ, ಮನಸ್ಸು ಎಂದು ಐದು ವಿಧ. ಒಬ್ಬರಿಗೆ ಒಂದೇ ಗುರುತು. ನಾವು ಮೂವರೂ ತಲಾ ಒಂದೊಂದು ಖಾನೆಗೆ ಸೇರಿದೆವು. ಅಕ್ಕನ ಸರದಿ ಬಂದಾಗ ಮೇಷ್ಟ್ರು ಅವಳ ಕೈ ನೋಡಿ, ಒಲೆಯ ಮೇಲಿನ ಅನ್ನ ನೋಡಿ, "ಅಡುಗೆ ಮಾಡ್ತಾರಲ್ಲ" ಎಂದು ಇಲ್ಲವೆಂದೇ ಗುರುತು ಹಾಕಿದರು. ದೇಶದಲ್ಲಿ ಒಟ್ಟು 2.19 ಕೋಟಿ ಎಂದು ಆಮೇಲೆ ಲೆಕ್ಕ ಹೊರಬಂತು. ಅದರಲ್ಲಿ ನಮ್ಮ ಮನೆಯಿಂದ ಹೋದದ್ದು ಮೂರು.

ಮನೆ ಮುರಿದದ್ದು ಜಗಳದಿಂದಲ್ಲ. ನಮ್ಮ ಮೂವರ ಕೆಲಸವನ್ನೂ ಒಂದೊಂದು ಯಂತ್ರ ಹುಟ್ಟಿಸಿತ್ತು, ಇನ್ನೊಂದು ಯಂತ್ರ ಬಂದು ತಿಂದಿತು. ಮೊದಲು ಮೊಳೆಗಳು ಹೋದವು, ಡಿಟಿಪಿ ಬಂತು. ಮಂಡ್ಯದವನು ಕಂಪ್ಯೂಟರಿನಲ್ಲಿ ಶ್ರೀಲಿಪಿ ಕಲಿತು ಹೇಗೋ ದಾಟಿಕೊಂಡ, ಅವನ ಜೊತೆಗಿದ್ದ ಹಿರಿಯರು ದಾಟಲಿಲ್ಲ. ಬ್ಯಾಂಕುಗಳಿಗೆ ತಾನೇ ಕರೆ ಜೋಡಿಸುವ ಎಕ್ಸ್‌ಚೇಂಜುಗಳು ಬಂದ ಮೇಲೆ ಗವಾಯಿ ಸಂಬಳಕ್ಕಾಗಿ ಸುಮ್ಮನೆ ಕೂತವನಾದ. ಅದು ಅವನನ್ನು ಕುಗ್ಗಿಸಿದಷ್ಟು ಕುರುಡುತನ ಕುಗ್ಗಿಸಿರಲಿಲ್ಲ. 2003ರಲ್ಲಿ ಮೊಬೈಲಿಗೆ ಒಳಬರುವ ಕರೆ ಉಚಿತವಾಯಿತು. ಕಾಲು ದರದ ಹೊತ್ತಿಗೆ ಸಾಲು ನಿಲ್ಲುತ್ತಿದ್ದವರು ಜೇಬಿನಿಂದ ಫೋನು ತೆಗೆದು ನನ್ನ ಬೂತಿನ ಮುಂದೆಯೇ ಮಾತಾಡಿಕೊಂಡು ಹೋದರು. ಜೆರಾಕ್ಸ್, ರೀಚಾರ್ಜ್ ಎಂದು ಕೆಲವು ವರ್ಷ ಎಳೆದೆ. ಹೆಣ್ಣೂರು ರಸ್ತೆಯ ನೆಲಕ್ಕೆ ಬೆಲೆ ಬಂತು, ಕಾಲುವೆಯ ವಾಸನೆಯೂ ಯಾರಿಗೂ ಅಡ್ಡಿಯಾಗಲಿಲ್ಲ. 2008ರಲ್ಲಿ ಮಾಲೀಕರು ಮನೆ ಮಾರಿದರು.

ಮಂಡ್ಯದವನು ಅಷ್ಟರಲ್ಲಿ ಕಿವುಡ ಹುಡುಗಿಯೊಬ್ಬಳನ್ನು ಮದುವೆಯಾಗಿದ್ದ, ಮೈಸೂರಿಗೆ ಹೋದ. ಅವನ ಮಕ್ಕಳಿಬ್ಬರಿಗೂ ಕಿವಿ ಕೇಳುತ್ತದೆ, ಕೈಯಲ್ಲೂ ಬಾಯಲ್ಲೂ ಜಗಳವಾಡುತ್ತಾರೆ. ಗವಾಯಿ ನಿವೃತ್ತಿ ಪಡೆದು ಗದುಗಿಗೆ ಹಿಂದಿರುಗಿದ. 2010ರ ಸೆಪ್ಟೆಂಬರಿನಲ್ಲಿ ಅಜ್ಜಾರು, ಎಂದರೆ ಪುಟ್ಟರಾಜ ಗವಾಯಿಗಳು ತೀರಿಕೊಂಡಾಗ ಫೋನಿನಲ್ಲಿ ಅತ್ತದ್ದು ಬಿಟ್ಟರೆ ಅವನ ಅಳು ನಾನು ಕೇಳಿಲ್ಲ. ಅಕ್ಕ ನನ್ನ ಜೊತೆಗೇ ಇದ್ದಾಳೆ, ಹೊಸಕೋಟೆ ಹತ್ತಿರದ ಒಂದು ನೆಲಮಹಡಿಯಲ್ಲಿ. ಅವಳ ಅಂಗಾಲು ನೋಡುವ ಕೆಲಸ ಈಗ ನನ್ನದು. 2011ರ ಜನವರಿಯಲ್ಲಿ ಹೌರಾದ ಒಂದು ಮಗುವಿಗೆ ಬಂದದ್ದೇ ದೇಶದ ಕೊನೆಯ ಪೋಲಿಯೊ. 2014ರಲ್ಲಿ ನಾವು ಪೋಲಿಯೊಮುಕ್ತರಾದೆವು. ನನ್ನ ಪಂಗಡ ನನ್ನ ತಲೆಮಾರಿನೊಂದಿಗೆ ಮುಗಿಯುತ್ತದೆ, ಒಳ್ಳೆಯದೇ. ಆದರೆ ಕ್ಯಾಲಿಪರ್ ಬಡಿದುಕೊಡುವ ಕೈಗಳೂ ಮುಗಿಯುತ್ತ ಬಂದಿವೆ, ನಾವಿನ್ನೂ ಇದ್ದೇವೆ. ದಶಕಗಳ ಕಾಲ ಎರಡು ಕಾಲಿನ ಭಾರ ಹೊತ್ತ ಬಲಗಾಲೂ ಈಗ ಸೋಲುತ್ತಿದೆ. ಪೋಲಿಯೊ ಆದವರಿಗೆ ಇಳಿವಯಸ್ಸಿನಲ್ಲಿ ಹೀಗಾಗುವುದುಂಟಂತೆ. ಗಾಲಿಕುರ್ಚಿಗೆ ಬಂದಿದ್ದೇನೆ. ಅಕ್ಕ ಅಂಗೈಯ ಬುಡದಿಂದ ಅದನ್ನು ತಳ್ಳುತ್ತಾಳೆ, ಬೆರಳು ಬೇಕಾಗುವುದಿಲ್ಲ.

ಈಗ ನಾಲ್ವರದೂ ಒಂದು ವಾಟ್ಸಾಪ್ ಗುಂಪಿದೆ. ಮಂಡ್ಯದವನು ಬರೆದದ್ದನ್ನು ಗವಾಯಿಯ ಫೋನು ಓದಿ ಹೇಳುತ್ತದೆ, ಗವಾಯಿ ಮಾತಾಡಿದ್ದು ಅಕ್ಷರವಾಗಿ ಮಂಡ್ಯದವನಿಗೆ ತಲುಪುತ್ತದೆ. ಫೋನು ಮಾಡುವ ಕಾಗುಣಿತದ ತಪ್ಪುಗಳನ್ನು ಮಂಡ್ಯದವನು ತಿದ್ದಿ ವಾಪಸ್ಸು ಕಳಿಸುತ್ತಾನೆ. ಕಳೆದ ದೀಪಾವಳಿಗೆ ಗವಾಯಿ ತನ್ನ ಹಳೆಯ ಬ್ರೈಲ್ ಲೆಕ್ಕದ ಕಟ್ಟು ಬಿಚ್ಚಿ, ಹಿತ್ತಿಲ ಸ್ಟೌವಿನ 340 ರೂಪಾಯಿಯಲ್ಲಿ ತನ್ನ ಪಾಲನ್ನು ವಾಪಸ್ಸು ಕೊಟ್ಟಿಲ್ಲವೆಂದು ತಕರಾರು ತೆಗೆದ. ಕೊಟ್ಟಿದ್ದಕ್ಕೆ ಸಾಕ್ಷಿಯಾಗಿ ಮಂಡ್ಯದವನು ನನ್ನಿಂದ ಪೆನ್ನಿನ ಪುಸ್ತಕದ ಪುಟದ ಫೋಟೋ ತರಿಸಿ ಗುಂಪಿಗೆ ಹಾಕಿದ. ತನಗೆ ಕಾಣದ ಸಾಕ್ಷಿಯನ್ನು ತಾನು ಒಪ್ಪುವುದಿಲ್ಲ ಎಂದ ಗವಾಯಿ. ಮಂಡ್ಯದವನು ಸ್ಲೇಟು ಹುಡುಕಿ ತೆಗೆದು, ಇಡೀ ಪುಟವನ್ನು ಚುಚ್ಚಿ, ಅಂಚೆಯಲ್ಲಿ ಗದುಗಿಗೆ ಕಳಿಸಿದ್ದಾನೆ. ಗವಾಯಿ ಅದರಲ್ಲಿ ಎರಡು ತಪ್ಪು ಕಂಡುಹಿಡಿದಿದ್ದಾನಂತೆ, ಈಗ ಬಡ್ಡಿ ಕೇಳುತ್ತಿದ್ದಾನೆ.